ರೋರಿ ಗ್ಯಾಲಗರ್ ಸಾಕ್ಷ್ಯಚಿತ್ರಗಳು: ಮಾತು ಮುಗಿದು ಗಿಟಾರ್ ಶುರುವಾಗೋದು ಯಾವಾಗ?

ತಂತಿಮೀಟು

ಐರ್ಲೆಂಡಿನ ಬ್ಲೂಸ್ ರಾಕ್ ಗಿಟಾರಿಸ್ಟ್ ರೋರಿ ಗ್ಯಾಲಗರ್ ಬಗ್ಗೆ 2010ರಲ್ಲಿ ಬಂದ 'ಘೋಸ್ಟ್ ಬ್ಲೂಸ್' ಮತ್ತೆ ಟೋನಿ ಪಾಮರ್ 1974ರಲ್ಲಿ ತೆಗೆದ 'ಐರಿಷ್ ಟೂರ್', ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಮಾತಾಡೋಣ ಅಂತ ಈ ಎಳೆ. ಮೊದಲನೆಯದರಲ್ಲಿ ಜೀವನ ಪೂರ್ತಿ ಇದೆ, ಆದರೆ ಹಾಡು ಕಾವೇರೋ ಹೊತ್ತಿಗೆ ಯಾರಾದರೊಬ್ಬರು ಕುರ್ಚಿಯಲ್ಲಿ ಕೂತು ಹೊಗಳೋಕೆ ಶುರು ಮಾಡ್ತಾರೆ. ಎರಡನೆಯದರಲ್ಲಿ ಗಿಟಾರ್ ಇದೆ, ಆದರೆ ಯಾರು, ಎಲ್ಲಿ, ಯಾಕೆ ಅಂತ ಹೇಳೋರಿಲ್ಲ.

ನನ್ನ ಪ್ರಶ್ನೆಗಳು ಮೂರು:
1. ರೋರಿ ಹೆಸರೇ ಕೇಳದವರಿಗೆ ಮೊದಲು ಯಾವುದು ತೋರಿಸಬೇಕು?
2. 1974ರ ಆ ಚೂಪು ಸದ್ದು, ವಾಕ್ಸ್ ಎಸಿ30 ಆಂಪ್ (ಗಿಟಾರ್ ಸದ್ದು ದೊಡ್ಡದು ಮಾಡೋ ಪೆಟ್ಟಿಗೆ) ಮತ್ತು ಟ್ರೆಬಲ್ ಬೂಸ್ಟರ್ (ಚೂಪು ಸದ್ದನ್ನ ಏರಿಸೋ ಪುಟ್ಟ ಸರ್ಕ್ಯೂಟ್) ಅಂತಾರಲ್ಲ, ಅದನ್ನ ಸರಿಯಾಗಿ ಜೋಡಿಸೋದು ಹೇಗೆ?
3. ಡಿಸ್ಕ್ ಜೊತೆ ನುಡಿಸೋಕೆ ಹೋದ್ರೆ ಕೆಲವು ಆವೃತ್ತಿಗಳು 'ಇ' ಸ್ವರಕ್ಕೂ ಕೂರಲ್ಲ, 'ಎಫ್'ಗೂ ಕೂರಲ್ಲ. ಯಾಕೆ?

ರೀಲುಗಾರ

ಒಂದನೇ ಪ್ರಶ್ನೆಗೆ ಯೋಚನೆಯೇ ಬೇಡ, 1974ರದ್ದು.

ಕಾರಣ ಇದೆ. ಸಾಮಾನ್ಯವಾಗಿ ರಾಕ್ ಸಾಕ್ಷ್ಯಚಿತ್ರದ ಕಥೆಯನ್ನ ಹಿಟ್ ಹಾಡುಗಳ ಮೇಲೆ ಕಟ್ತಾರೆ. ಮೊದಲ ಹಿಟ್, ದೊಡ್ಡ ಹಿಟ್, ಇಳಿಕೆ, ಸಾವು. ರೋರಿ ಸಿಂಗಲ್ (ಒಂದೇ ಹಾಡಿಗೆ ಅಂತ ಬರೋ ರೆಕಾರ್ಡ್) ಬಿಡುಗಡೆ ಮಾಡೋದನ್ನೇ ಒಪ್ಪದ ಮನುಷ್ಯ. ಹಾಗಾಗಿ ಜೀವನಚರಿತ್ರೆ ಮಾಡೋರಿಗೆ ಕಥೆ ನೇತುಹಾಕೋಕೆ ಗೂಟವೇ ಸಿಗಲ್ಲ. ಆಗ ಏನು ಮಾಡ್ತಾರೆ? ದಿ ಎಡ್ಜ್, ಸ್ಲ್ಯಾಶ್ ಥರದ ಹೆಸರಾಂತ ಗಿಟಾರಿಸ್ಟರಿಂದ ಸರ್ಟಿಫಿಕೇಟ್ ಕೊಡಿಸ್ತಾರೆ, ಬಣ್ಣ ಹೋದ ಗಿಟಾರನ್ನ ಹತ್ತಿರದಿಂದ ತೋರಿಸ್ತಾರೆ. ಈತನ ಬದುಕಿನ ಘಟನೆಗಳು ಅಂದ್ರೆ ಕಚೇರಿಗಳೇ. ಕಚೇರಿಯನ್ನ ನಲವತ್ತು ಸೆಕೆಂಡಿಗೆ ಕತ್ತರಿಸಿದ್ರೆ ಆ ಬದುಕಲ್ಲಿ ಏನು ನಡೀತು ಅಂತ ತೋರಿಸಿದ ಹಾಗೇ ಆಗಲಿಲ್ಲ.

ಇನ್ನು ಪಾಮರ್ ಚಿತ್ರದಲ್ಲೂ ಸೋಲೋ ಮಧ್ಯೆ ಕ್ಯಾಮೆರಾ ಜನರ ಕಡೆ ಹೋಗುತ್ತೆ ಅಂತ ಬೈಯೋರಿದ್ದಾರೆ. 16 ಎಂಎಂ ಫಿಲ್ಮಿನ ಕೆಲಸ ಗೊತ್ತಿದ್ರೆ ಬೈಯಲ್ಲ. 16 ಎಂಎಂನಲ್ಲಿ ಅಡಿಗೆ 40 ಫ್ರೇಮ್. 400 ಅಡಿಯ ಮ್ಯಾಗಜೀನ್‌ನಲ್ಲಿ (ಕ್ಯಾಮೆರಾಗೆ ಸಿಕ್ಕಿಸೋ ಫಿಲ್ಮ್ ಡಬ್ಬಿ) 16,000 ಫ್ರೇಮ್. ಸೆಕೆಂಡಿಗೆ 24ರಂತೆ ಓಡಿಸಿದ್ರೆ ಹನ್ನೊಂದು ನಿಮಿಷ ಚಿಲ್ಲರೆ, 25ರಂತೆ ಓಡಿಸಿದ್ರೆ 10 ನಿಮಿಷ 40 ಸೆಕೆಂಡ್. ಆಮೇಲೆ ಮ್ಯಾಗಜೀನ್ ಬದಲಿಸಲೇಬೇಕು. ರೋರಿಯ ಹಾಡು ಹತ್ತು ನಿಮಿಷ ದಾಟೋದು ಮಾಮೂಲು. ಎಲ್ಲ ಕ್ಯಾಮೆರಾ ಒಟ್ಟಿಗೆ ಶುರು ಮಾಡಿದ್ರೆ ಎಲ್ಲವೂ ಒಟ್ಟಿಗೇ ಖಾಲಿ. ಅದಕ್ಕೇ ಒಂದೊಂದನ್ನ ಮೂರು ನಾಲ್ಕು ನಿಮಿಷ ಹಿಂದೆ ಮುಂದೆ ಶುರು ಮಾಡ್ತಾರೆ. ರೋರಿಯ ಕೈಬೆರಳು ತೋರಿಸ್ತಿದ್ದ ಕ್ಯಾಮೆರಾ ಖಾಲಿಯಾದ ಕ್ಷಣದಲ್ಲಿ ಎಡಿಟರ್‌ಗೆ ಉಳಿಯೋದು ಡ್ರಮ್ಮರ್ ಅಥವಾ ಜನ.

ಆರನೇತಂತಿ

ಅದೇ ಪಾಮರ್ 1968ರ ಕ್ರೀಮ್ ಬ್ಯಾಂಡಿನ ವಿದಾಯ ಕಚೇರಿನೂ ಚಿತ್ರೀಕರಿಸಿದ್ರು. ಅದರಲ್ಲಿ ಹಾಡಿನ ಮೇಲೇ ನಿರೂಪಣೆ ಓಡಿಸಿದ್ದಕ್ಕೆ ಇವತ್ತಿಗೂ ಬೈಗುಳ ತಿಂತಾರೆ. ಮ್ಯಾಗಜೀನ್ ಖಾಲಿ ಆಗಿದ್ದಕ್ಕಾ ನಿರೂಪಣೆ ಹಾಕಿದ್ದು? 😄

ರೀಲುಗಾರ

ಅದಕ್ಕೆ ನನ್ನ ಹತ್ರ ಸಮರ್ಥನೆ ಇಲ್ಲ. ಅಂದಹಾಗೆ ಆ ರಾಯಲ್ ಆಲ್ಬರ್ಟ್ ಹಾಲ್ ಕಾರ್ಯಕ್ರಮದಲ್ಲಿ ಕ್ರೀಮ್‌ಗಿಂತ ಮೊದಲು ನುಡಿಸಿದವರಲ್ಲಿ ರೋರಿಯ ಆಗಿನ ಬ್ಯಾಂಡ್ 'ಟೇಸ್ಟ್' ಕೂಡ ಇತ್ತು.

ಕಾರ್ಕ್‌ಹಕ್ಕಿ

ರೀಲುಗಾರರೇ, ಹೊಸಬರಿಗೆ ಸೀದಾ 1974 ತೋರಿಸಿದ್ರೆ ಅರ್ಧ ಕೈಬಿಟ್ಟು ಹೋಗುತ್ತೆ. ಆ ಜನ ಯಾಕೆ ಹಾಗೆ ಕೂಗ್ತಿದ್ದಾರೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಬಾಂಬು ಗುಂಡುಗಳ ಕಾಲ ಅದು. ಹೊರಗಿನ ಬ್ಯಾಂಡ್‌ಗಳು ಆ ಊರಿನ ಹೆಸರು ಕೇಳಿದ್ರೇ ಹಿಂದೆ ಸರೀತಿದ್ದ ವರ್ಷಗಳಲ್ಲಿ ರೋರಿ ಅಲ್ಲಿನ ಅಲ್ಸ್ಟರ್ ಹಾಲ್‌ಗೆ ಮತ್ತೆ ಮತ್ತೆ ಹೋಗ್ತಿದ್ದರು. ಹುಟ್ಟಿದ್ದು 1948ರ ಮಾರ್ಚ್ 2ರಂದು ಡೋನೆಗಾಲ್‌ನ ಬ್ಯಾಲಿಶ್ಯಾನನ್‌ನಲ್ಲಿ, ಚಿಕ್ಕಂದಿನಲ್ಲಿ ಇದ್ದದ್ದು ಉತ್ತರ ಐರ್ಲೆಂಡಿನ ಡೆರಿಯಲ್ಲಿ, ಬೆಳೆದದ್ದು ದಕ್ಷಿಣದ ಕಾರ್ಕ್‌ನಲ್ಲಿ. ಅಂದ್ರೆ ಗಡಿಯ ಎರಡೂ ಕಡೆಯವರಿಗೆ ನಮ್ಮವನು. ಟೇಸ್ಟ್‌ನ ಹೆಸರಾದ ತಂಡದಲ್ಲಿ ಡ್ರಮ್ಸ್‌ನ ಜಾನ್ ವಿಲ್ಸನ್, ಬಾಸ್‌ನ ರಿಚರ್ಡ್ ಮೆಕ್‌ಕ್ರ್ಯಾಕನ್ ಇಬ್ಬರೂ ಉತ್ತರದವರು. ಬಾಸ್‌ನಲ್ಲಿ ಇಪ್ಪತ್ತು ವರ್ಷ ಜೊತೆಗಿದ್ದ ಗೆರಿ ಮೆಕಾವಾಯ್ ಬೆಲ್‌ಫಾಸ್ಟ್‌ನವರು. 1974ರ ಜನವರಿಯ ಆ ಪ್ರವಾಸ ಬೆಲ್‌ಫಾಸ್ಟ್, ಡಬ್ಲಿನ್, ಕಾರ್ಕ್ ಮೂರನ್ನೂ ಒಂದೇ ಹೊಲಿಗೆಯಲ್ಲಿ ಸೇರಿಸಿತು. ಇದನ್ನ ಯಾರಾದರೂ ಕುರ್ಚಿಯಲ್ಲಿ ಕೂತು ಹೇಳಲೇಬೇಕು. ಗಿಟಾರ್ ಹೇಳಲ್ಲ.

ಮೂರನೇಸಾಲು

ಅದಕ್ಕೆ ಐದು ನಿಮಿಷ ಸಾಕು. 'ಘೋಸ್ಟ್ ಬ್ಲೂಸ್' ಪೂರ್ತಿ ಬೇಕಾ?

ಕಾರ್ಕ್‌ಹಕ್ಕಿ

ಕೊನೆಯ ವರ್ಷಗಳಿಗಾದರೂ ಬೇಕು. ವಿಮಾನದ ಭಯ, ಅದಕ್ಕೆ ಮಾತ್ರೆ, ಜೊತೆಗೆ ಕುಡಿತ, ಲಿವರ್ ಹಾಳಾಗಿದ್ದು, 1995ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಕಸಿ, ಆಮೇಲೆ ಸೋಂಕು, ಜೂನ್ 14ಕ್ಕೆ ಸಾವು. ವಯಸ್ಸು 47. ತಮ್ಮ ಡೋನಲ್ ಬಾಯಲ್ಲಿ ಕೇಳೋದಕ್ಕೂ ವಿಕಿಯಲ್ಲಿ ಓದೋದಕ್ಕೂ ವ್ಯತ್ಯಾಸ ಇದೆ.

ಆರನೇತಂತಿ

ತೊಂದರೆಯೂ ಅಲ್ಲೇ ಇದೆ. ಡೋನಲ್ ತಮ್ಮನೂ ಹೌದು, ಮ್ಯಾನೇಜರೂ ಹೌದು. ಅವರ ಒಪ್ಪಿಗೆ ಇಲ್ಲದೆ ಹಾಡು ಸಿಗಲ್ಲ, ಹಾಡು ಬೇಕು ಅಂದ್ರೆ ಅವರ ಕಣ್ಣಲ್ಲೇ ಕಥೆ ನೋಡಬೇಕು. ಕುಟುಂಬ ಸೇರಿಕೊಂಡ ಎಲ್ಲ ಸಂಗೀತ ಸಾಕ್ಷ್ಯಚಿತ್ರಕ್ಕೂ ಈ ಕಟ್ಟು ಇದ್ದದ್ದೇ.

ಶ್ರುತಿಪೆಟ್ಟಿಗೆ

ಮೂರನೇ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ, ಹಾಗಾಗಿ ನಾನು.

ಸೆಕೆಂಡಿಗೆ 24 ಫ್ರೇಮ್‌ನಲ್ಲಿ ತೆಗೆದ ಫಿಲ್ಮನ್ನ ಯುರೋಪಿನ ಪಾಲ್ ಪದ್ಧತಿಯ ಡಿವಿಡಿಗೆ ಇಳಿಸುವಾಗ ಸುಲಭದ ದಾರಿ ಅಂದ್ರೆ 25ರಲ್ಲಿ ಓಡಿಸಿಬಿಡೋದು. ಚಿತ್ರದಲ್ಲಿ ಯಾರಿಗೂ ಗೊತ್ತಾಗಲ್ಲ. ಧ್ವನಿಯನ್ನೂ ಹಾಗೇ ಎಳೆದ್ರೆ ವೇಗ ಶೇ 4.17 ಜಾಸ್ತಿ ಆಗುತ್ತೆ, ಶ್ರುತಿ 70.7 ಸೆಂಟ್ಸ್ ಮೇಲೇರುತ್ತೆ. 440 ಹರ್ಟ್ಸ್ ಇರಬೇಕಾದ 'ಎ' ಸ್ವರ 458ಕ್ಕೆ ಹೋಗುತ್ತೆ. ಪೂರ್ತಿ ಅರ್ಧ ಸ್ವರ ಅಂದ್ರೆ 100 ಸೆಂಟ್ಸ್. ಅದಕ್ಕೇ 'ಇ'ಯೂ ಅಲ್ಲ, 'ಎಫ್' ಕೂಡ ಅಲ್ಲ, ಮಧ್ಯೆ ನೇತಾಡುತ್ತೆ.

ಪರಿಹಾರ: ಧ್ವನಿಯನ್ನ ಹೊರತೆಗೆದು ಆಡಾಸಿಟಿ ಅನ್ನೋ ಆಡಿಯೊ ತಂತ್ರಾಂಶದಲ್ಲಿ ವೇಗ ಮತ್ತು ಶ್ರುತಿ ಎರಡನ್ನೂ ಒಟ್ಟಿಗೆ ಬದಲಿಸುವ ಆಯ್ಕೆ ತಗೊಂಡು 0.96ರಿಂದ ಗುಣಿಸಿ. ಎರಡು ಕಡೆ ಎಡವೋ ಸಾಧ್ಯತೆ ಇದೆ. ಮೇಲೇರಿದ್ದು 4.17 ಅಂತ ಕೆಳಗೂ 4.17 ಇಳಿಸಿದ್ರೆ ಮೂರು ಸೆಂಟ್ಸ್ ಕಮ್ಮಿ ಆಗುತ್ತೆ, ಇಳಿಸಬೇಕಾದ್ದು ಸರಿಯಾಗಿ 4. ಇನ್ನೊಂದು, ಟೆಂಪೊ ಮಾತ್ರ ಬದಲಿಸೋ ಆಯ್ಕೆ ಒತ್ತಿದ್ರೆ ಹಾಡು ನಿಧಾನ ಆಗುತ್ತೆ, ಶ್ರುತಿ ಇದ್ದಲ್ಲೇ ಇರುತ್ತೆ.

ಬೆಸುಗೆಪುಟ್ಟ

ಸರ್, ಎಲ್ಲ ಡಿಸ್ಕಿಗೂ 0.96 ಹೊಡೆದ್ರೆ ಕೆಲಸ ಕೆಡುತ್ತೆ. ಬ್ರಿಟನ್, ಐರ್ಲೆಂಡ್ ಕಡೆ ಟೀವಿ ಮನಸ್ಸಲ್ಲಿಟ್ಟು ತೆಗೆದ ಫಿಲ್ಮುಗಳಲ್ಲಿ ಎಷ್ಟೋ ಮೂಲದಲ್ಲೇ 25 ಫ್ರೇಮ್. ಅವಕ್ಕೆ ಏನೂ ಆಗಿರಲ್ಲ. ಗಿಟಾರ್ ಶ್ರುತಿ ನೋಡಿ ತೀರ್ಮಾನ ಮಾಡೋಕೂ ಆಗಲ್ಲ, ಆವತ್ತು ವೇದಿಕೆ ಮೇಲೆ ತಂಡವೇ ಸ್ವಲ್ಪ ಏರಿಸಿಯೋ ಇಳಿಸಿಯೋ ಟ್ಯೂನ್ ಮಾಡಿರಬಹುದು.

ನಂಬೋದಿದ್ರೆ ಕರೆಂಟಿನ ಗುಂಯ್ ಅನ್ನೋ ಸದ್ದನ್ನ ನಂಬಿ. ಅಲ್ಲಿ ಕರೆಂಟು 50 ಹರ್ಟ್ಸ್. ರೋರಿಯ ಫೆಂಡರ್ ಸ್ಟ್ರ್ಯಾಟ್ ಗಿಟಾರಿನ ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನ ಹಿಡಿಯೋ ಸುರುಳಿ) ಆ ಗುಂಯ್ ಅನ್ನ ಎಳೆದುಕೊಂಡೇ ತೀರುತ್ತೆ. ಹಾಡು ಹಾಡಿನ ಮಧ್ಯೆ, ಚಪ್ಪಾಳೆ ಕಮ್ಮಿಯಾದ ಎರಡು ಮೂರು ಸೆಕೆಂಡಿನ ತುಂಡು ಆರಿಸಿ. ಆಡಾಸಿಟಿಯಲ್ಲಿ ಸ್ಪೆಕ್ಟ್ರಮ್ ತೆಗೆದು ಗಾತ್ರ 65536 ಇಡಿ. 48 ಕಿಲೋಹರ್ಟ್ಸ್ ಧ್ವನಿಯಲ್ಲಿ ಒಂದೊಂದು ಮೆಟ್ಟಿಲು 0.73 ಹರ್ಟ್ಸ್ ಆಗುತ್ತೆ, ಅಷ್ಟು ಸಾಕು. 50ರ ಹತ್ತಿರ ಬಾಸ್ ಗಿಟಾರ್ ಗಲಾಟೆ ಇರುತ್ತೆ, ಅದರ ಇಮ್ಮಡಿ 100ರ ಹತ್ತಿರ ನೋಡಿ. ಗ್ರಾಫಿನ ಮೊನೆ 100ರಲ್ಲಿ ನಿಂತಿದ್ರೆ ಧ್ವನಿ ಸರಿಯಾದ ವೇಗದಲ್ಲಿದೆ. 104ರಲ್ಲಿ ನಿಂತಿದ್ರೆ ಎಳೆದಿದ್ದಾರೆ, ಆಗ 0.96 ಹಾಕಿ.

ಶ್ರುತಿಪೆಟ್ಟಿಗೆ

ಗುಂಯ್ ಯಾವ ಹಂತದಲ್ಲಿ ಸೇರಿದ್ದು ಅಂತ ಹೇಗೆ ಹೇಳ್ತೀರಿ? ಆಮೇಲೆ ವರ್ಗಾಯಿಸುವಾಗಲೂ 50 ಹರ್ಟ್ಸ್ ಸೇರಬಹುದು. ಅದು ವೇಗ ಏರಿಸಿದ ಮೇಲೆ ಸೇರಿದ್ರೆ 100ರಲ್ಲೇ ನಿಲ್ಲುತ್ತೆ, ನಿಮ್ಮ ಪರೀಕ್ಷೆ ಸುಳ್ಳು ಹೇಳುತ್ತೆ.

ಬೆಸುಗೆಪುಟ್ಟ

ಸರಿಯಾದ ಅನುಮಾನ. ರೋರಿ ವಾಲ್ಯೂಮ್ ಗುಂಡಿ ಇಳಿಸಿದಾಗ ಮೊನೆ ಕುಗ್ಗುತ್ತಾ, ಏರಿಸಿದಾಗ ಬೆಳೆಯುತ್ತಾ ನೋಡಿ. ಕೈ ಜೊತೆ ಏರಿಳಿದ್ರೆ ಅದು ವೇದಿಕೆಯ ಗುಂಯ್. ಇದ್ದಷ್ಟೇ ಇದ್ರೆ ಆಮೇಲಿನದ್ದು. ಎರಡೂ ಇದ್ರೆ 100ಕ್ಕೂ 104ಕ್ಕೂ ಎರಡು ಮೊನೆ ಕಾಣಿಸುತ್ತೆ.

ಮೂರನೇಸಾಲು

ಇಷ್ಟೆಲ್ಲ ಮಾಡೋ ಬದಲು ಗಿಟಾರನ್ನೇ 70 ಸೆಂಟ್ಸ್ ಏರಿಸಿದ್ರೆ ಮುಗೀತಲ್ಲ?

ಶ್ರುತಿಪೆಟ್ಟಿಗೆ

ಏರಿಸಬಹುದು, ತಂತಿಯ ಬಿಗಿತ ಶೇ 8ರಷ್ಟು ಜಾಸ್ತಿ ಆಗುತ್ತೆ. ತೇಲುವ ಟ್ರೆಮೊಲೊ (ಕೋಲು ಒತ್ತಿ ಶ್ರುತಿ ಅಲುಗಿಸೋ ವ್ಯವಸ್ಥೆ) ಇದ್ರೆ ತಂತಿ ಕೂರೋ ಬ್ರಿಜ್ ಮುಂದಕ್ಕೆ ವಾಲಿ ಆರೂ ತಂತಿ ಮತ್ತೆ ಮತ್ತೆ ಟ್ಯೂನ್ ಮಾಡ್ತಾ ಕೂರಬೇಕು. ವಿಎಲ್‌ಸಿ ಪ್ಲೇಯರ್‌ನಲ್ಲಿ ಪ್ಲೇಬ್ಯಾಕ್ ವೇಗ 0.96 ಕೊಡೋದು ಸುಲಭ. ಆದರೆ ಆಡಿಯೊ ಸೆಟ್ಟಿಂಗ್‌ನಲ್ಲಿ ಟೈಮ್ ಸ್ಟ್ರೆಚಿಂಗ್ ಅನ್ನೋ ಟಿಕ್ ತೆಗೀಲೇಬೇಕು. ಅದು ಇದ್ರೆ ವಿಎಲ್‌ಸಿ ವೇಗ ಇಳಿಸಿಯೂ ಶ್ರುತಿಯನ್ನ ಹಳೇ ಜಾಗದಲ್ಲೇ ಹಿಡಿದಿಡುತ್ತೆ.

ಜರ್ಮೇನಿಯಂಜ್ವರ

ಈಗ ಎರಡನೇ ಪ್ರಶ್ನೆ. ಬೂಸ್ಟರ್ ಅಂದ್ರೆ ಡಲ್ಲಾಸ್ ರೇಂಜ್‌ಮಾಸ್ಟರ್. ಕ್ವೀನ್ ಬ್ಯಾಂಡಿನ ಬ್ರಯಾನ್ ಮೇ ಲಂಡನ್ನಿನ ಮಾರ್ಕೀ ಕ್ಲಬ್ ದಿನಗಳಲ್ಲಿ ರೋರಿಯನ್ನೇ ಕೇಳಿ ತಿಳ್ಕೊಂಡು ಎಸಿ30 ಜೊತೆ ಅದೇ ಜೋಡಿ ಹಿಡಿದದ್ದು, ಸಂದರ್ಶನಗಳಲ್ಲಿ ಅವರೇ ಹೇಳಿದ್ದಾರೆ.

ಒಳಗೆ ಇರೋದು ಬೆರಳೆಣಿಕೆಯ ಭಾಗ. ಒಂದು ಒಸಿ44 ಜರ್ಮೇನಿಯಂ ಟ್ರಾನ್ಸಿಸ್ಟರ್, ಪಿಎನ್‌ಪಿ ಜಾತಿ. ಒಳಬರುವ ಕೆಪಾಸಿಟರ್ 0.005 ಮೈಕ್ರೋಫ್ಯಾರಡ್. ಬೇಸ್‌ಗೆ 470 ಕಿಲೋಓಮ್ ಮತ್ತು 68 ಕಿಲೋಓಮ್ ರೆಸಿಸ್ಟರ್. ಎಮಿಟರ್‌ನಲ್ಲಿ 3.9 ಕಿಲೋಓಮ್, ಅದಕ್ಕೆ ಅಡ್ಡಲಾಗಿ 47 ಮೈಕ್ರೋಫ್ಯಾರಡ್. ಕಲೆಕ್ಟರ್‌ನಲ್ಲಿ 10 ಕಿಲೋಓಮ್ ಪಾಟ್ (ಗುಂಡಿ ತಿರುಗಿಸಿ ಬದಲಿಸೋ ರೆಸಿಸ್ಟರ್), ಅದೇ ವಾಲ್ಯೂಮ್. ಹೊರಹೋಗುವ ಕೆಪಾಸಿಟರ್ 0.01. 9 ವೋಲ್ಟ್ ಬ್ಯಾಟರಿ. ಇಷ್ಟೇ.

ಕೆಡೋದು ಮೂರು ಕಡೆ.

ಮೊದಲನೆಯದು ಟ್ರಾನ್ಸಿಸ್ಟರ್ ಸೋರಿಕೆ. ಕಲೆಕ್ಟರ್ ಮತ್ತು ಗ್ರೌಂಡ್ ಮಧ್ಯೆ ಅಳೆದ್ರೆ ಮೈನಸ್ 7 ವೋಲ್ಟ್ ಆಸುಪಾಸು ಇರಬೇಕು. ಸೋರುವ ಟ್ರಾನ್ಸಿಸ್ಟರ್ ಹಾಕಿದ್ರೆ 5, 4ಕ್ಕೆ ಇಳಿದು ಸದ್ದು ಮಂಕಾಗುತ್ತೆ, ಕೊನೆಗೆ ಸ್ವರ ಸಾಯುವಾಗ ಕರಕರ ಅನ್ನುತ್ತೆ. ಶಾಖ 10 ಡಿಗ್ರಿ ಏರಿದ್ರೆ ಸೋರಿಕೆ ಹೆಚ್ಚು ಕಮ್ಮಿ ಇಮ್ಮಡಿ. ತಣ್ಣಗಿನ ಕೋಣೆಯಲ್ಲಿ ಚೆನ್ನಾಗಿದ್ದದ್ದು ದೀಪಗಳ ಕೆಳಗೆ ಕೈ ಕೊಡೋದು ಇದಕ್ಕೇ. 470 ಕಿಲೋಓಮ್ ಜಾಗದಲ್ಲಿ 1 ಮೆಗಾಓಮ್ ಟ್ರಿಮ್‌ಪಾಟ್ ಹಾಕಿ 7 ವೋಲ್ಟಿಗೆ ತಂದುಕೊಳ್ಳಿ. ಬೆಸುಗೆ ಹಾಕುವಾಗ ಟ್ರಾನ್ಸಿಸ್ಟರ್ ಕಾಲಿಗೆ ಮೊಸಳೆ ಕ್ಲಿಪ್ ಕಚ್ಚಿಸಿ, ಶಾಖ ಮೇಲೆ ಹೋಗದ ಹಾಗೆ.

ಎರಡನೆಯದು ಪೆಡಲ್‌ಗಳ ಸಾಲಲ್ಲಿ ಜಾಗ. ಇದರ ಒಳಬಾಗಿಲಿನ ಇಂಪೀಡೆನ್ಸ್ ಬಹಳ ಕಮ್ಮಿ, 10 ಕಿಲೋಓಮ್ ಕೂಡ ಇರಲ್ಲ. ಗಿಟಾರ್ ಪಿಕಪ್ ನೇರವಾಗಿ ಇದಕ್ಕೇ ಸೇರಬೇಕು. ಆಗಲೇ ಪಿಕಪ್ ಇದರ ಭಾರಕ್ಕೆ ಬಗ್ಗಿ ಮೇಲಿನ ಚೂಪು ಸ್ವಲ್ಪ ಮೃದುವಾಗುತ್ತೆ. ಮಧ್ಯೆ ಬಫರ್ (ಪಿಕಪ್ ಮೇಲೆ ಆ ಭಾರ ಬೀಳದ ಹಾಗೆ ತಡೆಯೋ ಸರ್ಕ್ಯೂಟ್) ಇರೋ ಟ್ಯೂನರ್ ಪೆಡಲ್ ಬಂತೋ, ಕಿವಿ ಚುಚ್ಚುತ್ತೆ, ವಾಲ್ಯೂಮ್ ಗುಂಡಿ ಇಳಿಸಿ ಸದ್ದು ತಿಳಿಯಾಗಿಸೋ ಆಟವೂ ನಿಂತುಹೋಗುತ್ತೆ. ರೋರಿಯ ಆಟ ಇದ್ದದ್ದೇ ಆ ಗುಂಡಿಯಲ್ಲಿ.

ಮೂರನೆಯದು ಆಂಪ್. ಬೂಸ್ಟರನ್ನ ಎಸಿ30ರ ನಾರ್ಮಲ್ ಚಾನೆಲ್‌ಗೆ ಕೊಡಿ. ಟಾಪ್ ಬೂಸ್ಟ್ ಚಾನೆಲ್‌ಗೆ ಕೊಟ್ಟರೆ ಟ್ರೆಬಲ್ ಮೇಲೆ ಟ್ರೆಬಲ್. ಕಟ್ ಅನ್ನೋ ಗುಂಡಿ ಉಲ್ಟಾ ಕೆಲಸ ಮಾಡುತ್ತೆ, ಬಲಕ್ಕೆ ತಿರುಗಿಸಿದಷ್ಟೂ ಟ್ರೆಬಲ್ ಇಳಿಯುತ್ತೆ. ಆಂಪ್ ವಾಲ್ಯೂಮ್ ಅರ್ಧಕ್ಕಿಂತ ಮೇಲೆ ಇರಬೇಕು, ನಾಲ್ಕು ಇಎಲ್84 ವಾಲ್ವ್ ಬೆವರಬೇಕು. ಕಮ್ಮಿ ಸದ್ದಲ್ಲಿ ಈ ಬೂಸ್ಟರ್ ಬರೀ ಕೀರಲು.

ಆರನೇತಂತಿ

ಅಷ್ಟೆಲ್ಲ ಮಾಡಿಯೂ ಸದ್ದು ಬರಲ್ಲ ಗುರು, ಅದು ಕೈಯಲ್ಲಿರೋದು.

ಜರ್ಮೇನಿಯಂಜ್ವರ

ಕೈಯಲ್ಲಿರೋದು ಅಂತ ಹೇಳಿದ್ರೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಕೈ ಏನು ಮಾಡ್ತಿದೆ ಅಂತ ಹೇಳಿ.

ಆರನೇತಂತಿ

ಹೇಳ್ತೀನಿ. ಪಿಕ್ಕನ್ನ ತುದಿ ಮಾತ್ರ ಹೊರಗಿರೋ ಹಾಗೆ ಹಿಡಿದು, ಮೀಟಿದ ತಕ್ಷಣ ಹೆಬ್ಬೆರಳಿನ ಅಂಚು ತಂತಿಗೆ ತಾಕಿಸಿದ್ರೆ ಆ ಕೀಚಲು ಹಾರ್ಮೋನಿಕ್ ಬರುತ್ತೆ. ಬ್ರಿಜ್ ಪಿಕಪ್ ಮತ್ತು ಮಧ್ಯದ ಪಿಕಪ್ ನಡುವೆ ಕೈಯನ್ನ ಒಂದೊಂದು ಸೆಂಟಿಮೀಟರ್ ಸರಿಸ್ತಾ ಹೋದ್ರೆ ಬೇರೆ ಬೇರೆ ಕೀಚಲು. ತೆರೆದ ತಂತಿಯನ್ನ ನಟ್ (ಕತ್ತಿನ ತುದಿಯಲ್ಲಿ ತಂತಿ ಕೂರೋ ಪಟ್ಟಿ) ಹಿಂದೆ, ಟ್ಯೂನರ್ ಕಡೆ ಒತ್ತಿ ಬಗ್ಗಿಸೋದೂ ಅವನ ಚಟ. ಟ್ರೆಮೊಲೊ ಕೋಲನ್ನ ನೆಚ್ಚಿಕೊಂಡವನೇ ಅಲ್ಲ. ಸ್ವರ ಹಿಡಿದಿಟ್ಟು ಕಿರುಬೆರಳಲ್ಲಿ ಟೋನ್ ಗುಂಡಿ ಸೊನ್ನೆಯಿಂದ ಹತ್ತಕ್ಕೆ ಎಳೆದ್ರೆ ವಾ ಪೆಡಲ್ ಇಲ್ಲದೆಯೇ ಅದರ 'ವಾ-ವಾ' ಸದ್ದು.

ಬೆಸುಗೆಪುಟ್ಟ

ಆ ಟೋನ್ ಗುಂಡಿ ವಿಷಯಕ್ಕೆ ವೈರಿಂಗ್ ಬದಲಿಸಬೇಕು. ಮಾಮೂಲಿ ಸ್ಟ್ರ್ಯಾಟ್‌ನಲ್ಲಿ ಬ್ರಿಜ್ ಪಿಕಪ್‌ಗೆ ಟೋನ್ ಇಲ್ಲ. ರೋರಿ ಗಿಟಾರಲ್ಲಿ ಒಂದು ಟೋನ್ ಕಿತ್ತುಹಾಕಿ ಇನ್ನೊಂದನ್ನ ಮಾಸ್ಟರ್ ಮಾಡಿದ್ದರು. ಮಾಡೋದು ಹೀಗೆ: ಮೊದಲ ಟೋನ್ ಪಾಟ್‌ನಿಂದ ಸ್ವಿಚ್‌ಗೆ ಹೋಗೋ ವೈರನ್ನ ಸ್ವಿಚ್ ಕಡೆ ಬಿಚ್ಚಿ, ವಾಲ್ಯೂಮ್ ಪಾಟ್‌ನಲ್ಲಿ ಸ್ವಿಚ್‌ನಿಂದ ಬರುವ ವೈರ್ ಸೇರೋ ಕಾಲಿಗೆ ಹಾಕಿ. ಎರಡನೇ ಟೋನ್‌ನ ವೈರನ್ನೂ ಸ್ವಿಚ್ ಕಡೆ ಬಿಚ್ಚಿ ಸ್ಲೀವ್ ಹಾಕಿ ಮಡಚಿಡಿ.

ಎಡವೋದು ಎಲ್ಲಿ ಅಂದ್ರೆ, ಎರಡೂ ಟೋನ್‌ಗೆ ಸೇರಿ ಒಂದೇ ಕೆಪಾಸಿಟರ್ ಇರುತ್ತೆ, ಅದು ಎರಡರಲ್ಲಿ ಯಾವ ಪಾಟ್ ಮೇಲಾದರೂ ಕೂತಿರಬಹುದು. ಬೇಡದ ಪಾಟನ್ನ ಪೂರ್ತಿ ಕಿತ್ತರೆ ಕೆಪಾಸಿಟರೂ ಹೋಗಿ ಉಳಿದ ಗುಂಡಿ ಏನೂ ಮಾಡಲ್ಲ. 1960ರ ದಶಕದ ಮೊದಲ ಸ್ಟ್ರ್ಯಾಟ್‌ಗಳಲ್ಲಿ 0.1 ಮೈಕ್ರೋಫ್ಯಾರಡ್, ಸೊನ್ನೆಗೆ ಇಳಿಸಿದ್ರೆ ಕಂಬಳಿ ಹೊದಿಸಿದ ಹಾಗೆ. 0.022 ಹಾಕಿದ್ರೆ ಮೂಗಿನ ಸದ್ದು ಉಳಿಯುತ್ತೆ, ವಾ ಆಟಕ್ಕೆ ಅದೇ ಚೆಂದ.

ಮೂರನೇಸಾಲು

ಬಣ್ಣ ಹೋಗಿದ್ದಕ್ಕೆ ಅವನ ಬೆವರು ಆಮ್ಲ, ರಕ್ತದ ಗುಂಪು ಅಪರೂಪ ಅಂತೆಲ್ಲ ಕೇಳಿದೀನಿ. ನಿಜಾನಾ?

ಬಣ್ಣದಂಗಡಿ

ಅಂತೆಕಂತೆ ಬೇಡ, ಬಣ್ಣದ ಕಡೆಯಿಂದ ನೋಡಿ. 1961ರ ಸ್ಟ್ರ್ಯಾಟ್, ಸೀರಿಯಲ್ 64351, ಸನ್‌ಬರ್ಸ್ಟ್. ಮೇಲಿನ ಪದರ ನೈಟ್ರೋಸೆಲ್ಯುಲೋಸ್ ಲ್ಯಾಕರ್. ಅದು ತೆಳು, ವಯಸ್ಸಾದಂತೆ ಕುಗ್ಗಿ ಕೂದಲೆಳೆ ಬಿರುಕು ಬಿಡುತ್ತೆ. ಬಿರುಕಿಗೆ ಬೆವರು ಇಳಿದ್ರೆ ಕೆಳಗಿನ ಮರ ಉಬ್ಬಿ ಒಣಗಿ, ಉಬ್ಬಿ ಒಣಗಿ, ಲ್ಯಾಕರ್ ಚಕ್ಕೆ ಚಕ್ಕೆಯಾಗಿ ಏಳುತ್ತೆ. ವಾರವಿಡೀ ಕಚೇರಿ, ಒಂದೊಂದೂ ಎರಡು ಗಂಟೆಗಿಂತ ಜಾಸ್ತಿ, ತೊಯ್ದ ಅಂಗಿ, ನಡುವೆ ಕಳ್ಳತನವಾಗಿ ಮಳೆಯಲ್ಲಿ ಬಿದ್ದಿದ್ದ ಗಿಟಾರ್. ಇದಕ್ಕೆ ಅಪರೂಪದ ರಕ್ತ ಬೇಕಿಲ್ಲ.

ಇದನ್ನ ನೋಡಿ ತಮ್ಮ ಗಿಟಾರ್ ಉಜ್ಜೋಕೆ ಹೊರಟವರಿಗೆ: ಟ್ರೆಮೊಲೊ ಕೂರೋಕೆ ಮರದಲ್ಲಿ ಕೊರೆದ ಹಳ್ಳದೊಳಗೆ ಕಾಣದ ಮೂಲೆಯಲ್ಲಿ ಹತ್ತಿಕಡ್ಡಿಗೆ ಅಸಿಟೋನ್ ಹಚ್ಚಿ ಮುಟ್ಟಿಸಿ. ಬಣ್ಣ ಅಂಟಂಟಾಗಿ ಕರಗಿದ್ರೆ ನೈಟ್ರೋ. ಏನೂ ಆಗದಿದ್ರೆ ಪಾಲಿಯೆಸ್ಟರ್, ಅದು ಸವೆಯಲ್ಲ, ಗಾಜಿನಂತೆ ಒಡೆದು ಹೋಗುತ್ತೆ. ಉಜ್ಜಿದ್ರೆ ರೋರಿ ಗಿಟಾರ್ ಥರ ಅಲ್ಲ, ಅಪಘಾತದ ಥರ ಕಾಣುತ್ತೆ.

ಕಾರ್ಕ್‌ಹಕ್ಕಿ

ಆ ಗಿಟಾರ್ ಕಥೆಯಲ್ಲಿ ಒಂದು ಸೇರಿಸಿ. ರಾಯಲ್ ಷೋಬ್ಯಾಂಡ್‌ನ ಜಿಮ್ ಕಾನ್ಲನ್ ಕೆಂಪು ಬಣ್ಣದ್ದು ತರಿಸೋಕೆ ಹೇಳಿದ್ರು, ಬಂದದ್ದು ಸನ್‌ಬರ್ಸ್ಟ್. ಹಾಗಾಗಿ ಸೆಕೆಂಡ್ ಹ್ಯಾಂಡ್ ಆಗಿ ಕಾರ್ಕ್‌ನ ಕ್ರೌಲೀಸ್ ಅಂಗಡಿಯಲ್ಲಿ 1963ರಲ್ಲಿ 100 ಪೌಂಡಿಗೆ, ಕಂತಿನ ಮೇಲೆ, ರೋರಿ ಕೈಗೆ ಬಂತು. ಆಗ ಆತನಿಗೆ ಹದಿನೈದು.

ಜಿಮಿಭಕ್ತ

ಹೆಂಡ್ರಿಕ್ಸ್‌ನ "ಜಗತ್ತಿನ ಅತ್ಯುತ್ತಮ ಗಿಟಾರಿಸ್ಟ್ ಆಗಿರೋದು ಹೇಗನ್ಸುತ್ತೆ" ಅಂತ ಕೇಳಿದ್ದಕ್ಕೆ "ರೋರಿಯನ್ನ ಕೇಳಿ" ಅಂದಿದ್ದನ್ನ ಯಾರೂ ಹೇಳ್ಲೇ ಇಲ್ವಲ್ಲ!

ರೀಲುಗಾರ

ಯಾರೂ ಹೇಳದಿದ್ದದ್ದು ಈ ಎಳೆಯ ಪುಣ್ಯ. ಇದೇ ಮಾತನ್ನ ಟೆರಿ ಕ್ಯಾಥ್, ಫಿಲ್ ಕೀಗಿ ಅನ್ನೋ ಬೇರೆ ಗಿಟಾರಿಸ್ಟರ ಹೆಸರಲ್ಲೂ ಹೇಳ್ತಾರೆ. ಧ್ವನಿಮುದ್ರಿಕೆ ಇಲ್ಲ, ಅಚ್ಚಾದ ಸಂದರ್ಶನ ಇಲ್ಲ. ಹೆಸರು ಬದಲಾಗುತ್ತೆ, ಕಥೆ ಅದೇ.

ಜಿಮಿಭಕ್ತ

ಇಬ್ಬರೂ 1970ರ ಐಲ್ ಆಫ್ ವೈಟ್ ಉತ್ಸವದಲ್ಲಿ ನುಡಿಸಿದ್ದಂತೂ ನಿಜ ತಾನೆ.

ರೀಲುಗಾರ

ನುಡಿಸಿದ್ದು ನಿಜ. ಟೇಸ್ಟ್ ಪಾಲಿನ ಚಿತ್ರೀಕರಣವೂ ಉಳಿದಿದೆ, ಮರ್ರಿ ಲರ್ನರ್ ತೆಗೆದದ್ದು. ಒಟ್ಟಿಗೆ ಇದ್ದರು ಅಂದ ಮಾತ್ರಕ್ಕೆ ಆ ಮಾತು ಹುಟ್ಟಲ್ಲ.

ತಂತಿಮೀಟು

ಹಕ್ಕುಗಳ ಬಗ್ಗೆ ಯಾರಾದರೂ ಬಿಡಿಸಿ ಹೇಳ್ತೀರಾ? ಕಚೇರಿ ಫಿಲ್ಮ್ ಇಷ್ಟು ಉಳಿದಿರುವಾಗ ಸಾಕ್ಷ್ಯಚಿತ್ರದೋರು ಪೂರ್ತಿ ಹಾಡು ಯಾಕೆ ಹಾಕಲ್ಲ?

ಆರನೇತಂತಿ

ಒಂದು ಹಾಡು ತೋರಿಸೋಕೆ ಕನಿಷ್ಠ ಮೂರು ಬಾಗಿಲು ತಟ್ಟಬೇಕು. ಹಾಡಿನ ರಚನೆಯ ಹಕ್ಕು ಪ್ರಕಾಶಕರ ಹತ್ರ. ಆ ಧ್ವನಿಮುದ್ರಣದ ಹಕ್ಕು ರೆಕಾರ್ಡ್ ಕಂಪನಿ ಅಥವಾ ಕುಟುಂಬದ ಹತ್ರ. ಚಿತ್ರದ ಹಕ್ಕು ಟೀವಿ ವಾಹಿನಿ ಅಥವಾ ನಿರ್ಮಾಪಕರ ಹತ್ರ. ದರ ಸೆಕೆಂಡ್ ಲೆಕ್ಕದಲ್ಲೋ ನಿಮಿಷದ ಲೆಕ್ಕದಲ್ಲೋ ಏರ್ತಾ ಹೋಗುತ್ತೆ. ಬ್ಲೂಸ್‌ನೋರಿಗೆ ಇನ್ನೊಂದು ತಲೆನೋವು: ರೋರಿ ಹಳೆಯ ಅಮೆರಿಕನ್ ಬ್ಲೂಸ್ ಹಾಡುಗಳನ್ನೂ ನುಡಿಸ್ತಿದ್ದ, ಕುಟುಂಬ ಒಪ್ಪಿದ್ರೂ ಆ ರಚನೆಗಳ ಅನುಮತಿ ಬೇರೆಯವರಿಂದ ತರಬೇಕು. ಮಾತಾಡೋ ತಲೆಗೆ ಇಷ್ಟು ಖರ್ಚಿಲ್ಲ.

ಕಾರ್ಕ್‌ಹಕ್ಕಿ

'ಘೋಸ್ಟ್ ಬ್ಲೂಸ್' ವಿಷಯದಲ್ಲಿ ಒಂದು ನ್ಯಾಯ ಹೇಳ್ಬೇಕು. ಅದರ ಡಿವಿಡಿ ಜೊತೆಗೇ ಜರ್ಮನಿಯ ಬೀಟ್ ಕ್ಲಬ್ ಕಾರ್ಯಕ್ರಮದ ಚಿತ್ರೀಕರಣವನ್ನ ಬೇರೆ ಡಿಸ್ಕಿನಲ್ಲಿ ಕೊಟ್ಟಿದ್ದಾರೆ. ಮಾತು ಬೇಡ ಅನ್ನೋರಿಗೆ ಅಲ್ಲಿ ಬರೀ ಹಾಡು.

ಬಣ್ಣದಂಗಡಿ

ಈಗ ಗಿಟಾರ್ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದರ ಬಗ್ಗೆ. 2024ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಕಮಿಷನ್ ಸೇರಿ 8,89,400 ಪೌಂಡ್. ಕೊಂಡವರು ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. ಒಳ್ಳೇದೇ ಆಯ್ತು.

ಜಿಮಿಭಕ್ತ

ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಗಿಟಾರ್ ಸಾಯುತ್ತೆ. ಗಿಟಾರಿಸ್ಟ್ ಜೋ ಬೊನಾಮಸ್ಸಾ ಲಂಡನ್ ವೇದಿಕೆಯಲ್ಲಿ ಅದನ್ನೇ ನುಡಿಸಿದಾಗ ಹೇಗಿತ್ತು! ವರ್ಷಕ್ಕೊಮ್ಮೆ ಯಾರಿಗಾದರೂ ಕೊಡಬೇಕು.

ಬಣ್ಣದಂಗಡಿ

ನುಡಿಸದಿದ್ರೆ ಗಿಟಾರ್ ಸಾಯಲ್ಲ, ತೇವ ಏರಿಳಿದ್ರೆ ಸಾಯುತ್ತೆ. ಗಾಳಿಯ ತೇವಾಂಶ ಶೇ 45ರಿಂದ 55ರ ಒಳಗೆ ನಿಲ್ಲಿಸಿ, ತಂತಿಗಳನ್ನ ಒಂದೆರಡು ಸ್ವರ ಸಡಿಲಿಸಿ, ಬಿಸಿಲು ಬೀಳದ ಹಾಗಿಟ್ಟರೆ ಸಾಕು. ತಂತಿ ಪೂರ್ತಿ ಬಿಚ್ಚಿಹಾಕೋದೂ ತಪ್ಪು. ಒಳಗಿನ ಉಕ್ಕಿನ ಸರಳಿನ ಎದುರು ಎಳೆತ ಇಲ್ಲದೆ ಕತ್ತು ಹಿಂದಕ್ಕೆ ಬಾಗುತ್ತೆ.

ಆ ಕಾಲದ ಫೆಂಡರ್ ಇಟ್ಟುಕೊಂಡವರು ಬೇರೊಂದು ನೋಡ್ಕೋಬೇಕು. 1959ರಿಂದ 1964ರವರೆಗಿನ ಹಸಿರು ಛಾಯೆಯ ಪಿಕ್‌ಗಾರ್ಡ್ (ತಂತಿಗಳ ಕೆಳಗೆ ಕೂರೋ ಫಲಕ) ಸೆಲ್ಯುಲಾಯ್ಡ್. ಅದು ವರ್ಷ ಕಳೆದಂತೆ ಕುಗ್ಗುತ್ತೆ, ಸ್ಕ್ರೂ ಇರೋ ಕಡೆ ಬಿರಿಯುತ್ತೆ, ಜೊತೆಗೆ ಆಮ್ಲದ ಆವಿ ಬಿಡುತ್ತೆ. ಮುಚ್ಚಿದ ಕೇಸಿನಲ್ಲಿ ವರ್ಷಗಟ್ಟಲೆ ಇಟ್ಟರೆ ಆ ಆವಿಯೇ ಪಾಟ್, ಸ್ವಿಚ್, ಸ್ಕ್ರೂಗಳಿಗೆ ಹಸಿರು ಕಿಲುಬು ಹಿಡಿಸುತ್ತೆ. ತಿಂಗಳಿಗೊಮ್ಮೆ ಕೇಸ್ ತೆರೆದು ಗಾಳಿಯಾಡಿಸಿ. ಬಿರಿಯೋಕೆ ಶುರುವಾಗಿದ್ರೆ ಎಳೀತಿರೋ ಸ್ಕ್ರೂ ತೆಗೆದಿಡಿ, ಬಿಗಿ ಮಾಡ್ಬೇಡಿ.

ಜರ್ಮೇನಿಯಂಜ್ವರ

ಕಿಲುಬಿನ ಮಾತು ಬಂದಾಗ: ಪಾಟ್ ಕರಕರ ಅಂದ್ರೆ ಡಬ್ಲ್ಯುಡಿ40 ಹೊಡೀಬೇಡಿ. ಒಳಗೆ ಎಣ್ಣೆ ಉಳಿದು ಧೂಳು ಕೂರುತ್ತೆ. ಪಾಟ್‌ಗೇ ಅಂತ ಬರೋ ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ, ಆಮೇಲೆ ಗುಂಡಿಯನ್ನ ಇಪ್ಪತ್ತು ಮೂವತ್ತು ಸಲ ಕೊನೆಯಿಂದ ಕೊನೆಗೆ ತಿರುಗಿಸಿ.

ಮೂರನೇಸಾಲು

ಸಾಕ್ಷ್ಯಚಿತ್ರದ ಎಳೆ ಬೆಸುಗೆ ಅಂಗಡಿ ಆಯ್ತು.

ತಂತಿಮೀಟು

ಆಗಲಿ ಬಿಡಿ, ಕೇಳಿದ್ದೇ ಅದನ್ನ. 🙂 ಬೂಸ್ಟರ್‌ಗೆ ಬ್ಯಾಟರಿ ಬದಲು ಅಡಾಪ್ಟರ್ ಹಾಕಬಹುದಾ? ಮತ್ತೆ 1974ರ ಪ್ರವಾಸದ್ದು ಧ್ವನಿ ಮಾತ್ರ ಬೇಕು ಅಂದ್ರೆ ಯಾವ ಆವೃತ್ತಿ?

ಜರ್ಮೇನಿಯಂಜ್ವರ

ಹಾಕಬಹುದು, ಆದರೆ ಒಂಟಿ ಅಡಾಪ್ಟರ್ ಅಥವಾ ಪ್ರತ್ಯೇಕಿಸಿದ ಔಟ್‌ಪುಟ್ ಇರಬೇಕು. ಇದು ಪಾಸಿಟಿವ್ ಗ್ರೌಂಡ್ ಸರ್ಕ್ಯೂಟ್. ಬೇರೆ ಪೆಡಲ್‌ಗಳ ಜೊತೆ ಒಂದೇ ಕವಲು ವೈರಿನಲ್ಲಿ ಸೇರಿಸಿದ್ರೆ ಆಡಿಯೊ ಕೇಬಲ್‌ನ ಗ್ರೌಂಡ್ ಮೂಲಕ ಪ್ಲಸ್ಸು ಮೈನಸ್ಸು ಒಂದಕ್ಕೊಂದು ತಾಗಿ ಶಾರ್ಟ್. ಒಳ್ಳೆ ಅಡಾಪ್ಟರ್ ಆದ್ರೆ ತಾನೇ ಆಫ್ ಆಗುತ್ತೆ, ಇಲ್ಲದಿದ್ರೆ ಹೊಗೆ. ಸರ್ಕ್ಯೂಟ್ ಎಳೆಯೋದು ಕಾಲು ಮಿಲಿಆಂಪ್ ಅಷ್ಟೇ, ಒಂದು ಬ್ಯಾಟರಿ ತಿಂಗಳುಗಟ್ಟಲೆ ಬರುತ್ತೆ. ಯಾಕೆ ತಲೆನೋವು? ನುಡಿಸಿ ಮುಗಿದ ಮೇಲೆ ಕೇಬಲ್ ಕೀಳೋದು ಮರೀಬೇಡಿ.

ಕಾರ್ಕ್‌ಹಕ್ಕಿ

2014ರಲ್ಲಿ ಬಂದ ನಲವತ್ತನೇ ವರ್ಷದ ಪೆಟ್ಟಿಗೆ ತಗೊಳ್ಳಿ. ಏಳು ಸಿಡಿ, ಒಂದು ಡಿವಿಡಿ. ಮೂಲ ಎರಡು ಎಲ್‌ಪಿ ಆಲ್ಬಮ್‌ನಲ್ಲಿ ಆರಿಸಿದ ಹಾಡುಗಳು ಮಾತ್ರ, ಇದರಲ್ಲಿ ಕಾರ್ಕ್, ಡಬ್ಲಿನ್, ಬೆಲ್‌ಫಾಸ್ಟ್ ಮೂರೂ ಬೇರೆ ಬೇರೆಯಾಗಿ ಸಿಗುತ್ತೆ. ಒಂದೇ ಹಾಡನ್ನ ಮೂರು ಊರಲ್ಲಿ ಹೇಗೆ ತಿರುಗಿಸಿದ ಅಂತ ಪಕ್ಕಪಕ್ಕ ಕೇಳಬಹುದು. ಮುದ್ರಿಸಿದ್ದು ರಾನಿ ಲೇನ್‌ನ ಸಂಚಾರಿ ಸ್ಟುಡಿಯೊದಲ್ಲಿ. ಯಾವ ಸಾಕ್ಷ್ಯಚಿತ್ರವೂ ಈ ಹೋಲಿಕೆ ಕೊಟ್ಟಿಲ್ಲ.

ಜಿಮಿಭಕ್ತ

ಜರ್ಮನ್ ಟೀವಿಯ ರಾಕ್‌ಪಲಾಸ್ಟ್ 1977, ಎಸ್ಸೆನ್‌ನ ಗ್ರೂಗಾಹಾಲೆಯದ್ದು, ಅದಕ್ಕೂ 0.96 ಹಾಕಬೇಕಾ?

ಬೆಸುಗೆಪುಟ್ಟ

ಬೇಡ. ಅದು ಫಿಲ್ಮ್ ಅಲ್ಲ, ಟೀವಿ ಕ್ಯಾಮೆರಾದಲ್ಲಿ ನೇರ ಪ್ರಸಾರ ಆದದ್ದು, ಮೂಲದಲ್ಲೇ 25. 0.96 ಹಾಕಿದ್ರೆ 70 ಸೆಂಟ್ಸ್ ಕೆಳಗೆ ಬೀಳುತ್ತೆ, ಆಮೇಲೆ ಇಲ್ಲೇ ಬಂದು "ರೋರಿ ಅರ್ಧ ಸ್ವರ ಇಳಿಸಿ ಟ್ಯೂನ್ ಮಾಡ್ತಿದ್ದನಾ" ಅಂತ ಹೊಸ ಎಳೆ ಶುರು ಮಾಡ್ತೀರಿ.